ಒಂದೇ ಸೂರಿನಡಿ ಕಚ್ಚಾಡುವ ಎರಡು ಹೆಣ್ಣುನಾಯಿಗಳು: ಮೈಸೂರಿನ ಒಂದು ಪ್ರಕರಣ

ಮನೆ ಮೈಸೂರಿನ ಒಂದು ಬಡಾವಣೆಯಲ್ಲಿದೆ. 30×40 ನಿವೇಶನ, ಕೆಳಗಿನ ಅಂತಸ್ತು. ಮುಂದೆ ಕಾರು ನಿಲ್ಲುವಷ್ಟು ಜಾಗ, ಅದಕ್ಕೊಂದು ಸರಳಿನ ಗೇಟು. ಒಳಗೆ ಹಾಲ್, ಎರಡು ಕೋಣೆ, ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಯುಟಿಲಿಟಿ. ಗಂಡ, ಹೆಂಡತಿ, ಹನ್ನೊಂದು ವರ್ಷದ ಮಗ, ಹಾಲ್‌ನ ದಿವಾನದ ಮೇಲೆ ದಿನದ ಬಹುಪಾಲು ಕೂರುವ ಅಜ್ಜಿ. ಕುಟುಂಬದ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದೆ, ನಾಯಿಗಳ ಹೆಸರನ್ನೂ.

ಹಿರಿಯಳು ಗೌರಿ. ಬೀದಿಯಿಂದ ಮರಿಯಾಗಿದ್ದಾಗ ತಂದ ನಾಟಿ ನಾಯಿ, ಏಳು ವರ್ಷ, 18 ಕಿಲೋ, ಗರ್ಭಕೋಶ ತೆಗೆಸಿಯಾಗಿದೆ. ಕಿರಿಯಳು ಚುಕ್ಕಿ. ಮುಧೋಳ ತಳಿ, ಇಪ್ಪತ್ತು ತಿಂಗಳು, 21 ಕಿಲೋ, ಆಪರೇಷನ್ ಆಗಿಲ್ಲ. ಚುಕ್ಕಿ ಮೂರು ತಿಂಗಳ ಮರಿಯಾಗಿ ಬಂದಾಗಿನಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಎರಡೂ ಒಂದೇ ಗೋಣಿತಾಟಿನ ಮೇಲೆ ಮಲಗುತ್ತಿದ್ದವು. ಕುಟುಂಬಕ್ಕೆ ಅರ್ಥವಾಗದೆ ಹೋದದ್ದು ಇದೇ: ಅಷ್ಟು ಚೆನ್ನಾಗಿದ್ದವು ಈಗೇಕೆ ಹೀಗೆ?

ನಾಯಿ ಒಂದೂವರೆಯಿಂದ ಮೂರು ವರ್ಷದೊಳಗೆ ಸ್ವಭಾವದಲ್ಲಿ ಬಲಿಯುತ್ತದೆ. ಮರಿಗೆ ಸಿಗುತ್ತಿದ್ದ ಸಲಿಗೆ ಆ ಹೊತ್ತಿಗೆ ಮುಗಿಯುತ್ತದೆ. ಹೆಣ್ಣು-ಹೆಣ್ಣು ಜೋಡಿಯಲ್ಲಿ ಇದು ಹೆಚ್ಚು ಕಾಣುತ್ತದೆ. 2011ರಲ್ಲಿ ಅಮೆರಿಕದ ಪಶುವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ 38 ಪ್ರಕರಣಗಳ ಅಧ್ಯಯನದಲ್ಲಿ ಹೆಚ್ಚಿನವು ಒಂದೇ ಲಿಂಗದ ಜೋಡಿಗಳಾಗಿದ್ದವು. ಕಾಲು ಕೆರೆದದ್ದು ಬಹುಪಾಲು ಮನೆಗೆ ಆಮೇಲೆ ಬಂದ, ವಯಸ್ಸಿನಲ್ಲಿ ಕಿರಿಯ ನಾಯಿ. ಕಾರಣಗಳಲ್ಲಿ ಮುಂದಿದ್ದವು ಮನೆಯವರ ಗಮನ, ಊಟ, ಉದ್ರೇಕ ಮತ್ತು ಎಲ್ಲೋ ಬಿದ್ದು ಸಿಕ್ಕ ವಸ್ತು. ಈ ಮನೆಯಲ್ಲಿ ನಾಲ್ಕೂ ಇದ್ದವು.

ನಡೆದದ್ದು

ಮೇ ತಿಂಗಳಲ್ಲಿ ಚುಕ್ಕಿಗೆ ಎರಡನೇ ಸಲ ಬೆದೆ ಬಂತು. ಜುಲೈನಲ್ಲಿ ಮೊದಲ ಜಗಳ, ಗೇಟಿನ ಬಳಿ. ಹೊರಗೆ ಬೀದಿನಾಯಿಯೊಂದು ಹಾದುಹೋಯಿತು, ಎರಡೂ ಬೊಗಳುತ್ತ ಗೇಟಿಗೆ ನುಗ್ಗಿದವು, ಅದು ಕೈಗೆ ಸಿಗದೆ ಹೋದಾಗ ಪಕ್ಕದಲ್ಲಿದ್ದವಳ ಮೇಲೆ ತಿರುಗಿದವು. ಸದ್ದು ಜೋರು, ಗಾಯವಿಲ್ಲ, ಕತ್ತಿನ ಕೂದಲು ಎಂಜಲಿಂದ ಒದ್ದೆಯಾಗಿತ್ತು ಅಷ್ಟೆ. ಎರಡನೆಯದು ಅಡುಗೆಮನೆಯ ಹೊಸ್ತಿಲಲ್ಲಿ, ಜಾರಿ ಬಿದ್ದ ಅರ್ಧ ಚಪಾತಿಗೆ. ಗೌರಿಯ ಕಿವಿ ಸೀಳಿತು. ಮೂರನೆಯದು ಆಗಸ್ಟ್‌ನಲ್ಲಿ, ಅಜ್ಜಿಯ ದಿವಾನದ ಕೆಳಗೆ. ಗೌರಿ ಮಲಗಿದ್ದಳು, ಚುಕ್ಕಿ ಅವಳನ್ನು ದಾಟಿ ಅಜ್ಜಿಯ ಮಡಿಲಿಗೆ ಹಾರಿದಳು. ಈ ಸಲ ಗೌರಿ ಗುರುಗುಟ್ಟಲಿಲ್ಲ, ನೇರ ಕಚ್ಚಿದಳು. ಚುಕ್ಕಿಯ ಹೆಗಲಿನ ಚರ್ಮ ನಾಲ್ಕು ಬೆರಳಗಲ ಹರಿಯಿತು, ಹೊಲಿಗೆ ಬಿದ್ದವು. ಕೊರಳಪಟ್ಟಿ ಹಿಡಿದು ಎಳೆಯಹೋದ ಮನೆಯೊಡೆಯರ ಅಂಗೈಗೂ ಹಲ್ಲು ಇಳಿಯಿತು.

ಕಾದಾಟದ ತೀವ್ರತೆಯನ್ನು ಸದ್ದಿನಿಂದ ಅಳೆಯಬಾರದು, ಗಾಯದಿಂದ ಅಳೆಯಬೇಕು. ಇಲ್ಲಿ ಒದ್ದೆ ಕೂದಲಿನಿಂದ ಹೊಲಿಗೆಗೆ ಬಂದದ್ದು ಐದು ವಾರದಲ್ಲಿ. ಆ ಏರಿಕೆಯ ವೇಗವೇ ಎಚ್ಚರಿಕೆ. ಇನ್ನೂ ದೊಡ್ಡ ಎಚ್ಚರಿಕೆ ಗೌರಿ ಗುರುಗುಟ್ಟದೆ ಕಚ್ಚಿದ್ದು. ಕೇಳಿದಾಗ ತಿಳಿಯಿತು: ಮೊದಲ ಜಗಳದ ನಂತರ ಗೌರಿ ಗುರ್ ಎಂದಾಗಲೆಲ್ಲ ಪೇಪರ್ ಸುರುಳಿಯಿಂದ ಮೂತಿಗೆ ಏಟು ಬೀಳುತ್ತಿತ್ತು. ಏಟಿನಿಂದ ಗುರುಗುಟ್ಟುವುದು ನಿಂತಿತು, ಒಳಗಿನ ಸಿಟ್ಟು ಹಾಗೇ ಉಳಿಯಿತು. ದೂರ ಇರು ಎಂದು ಹೇಳಲು ಅವಳಿಗಿದ್ದ ಮಾತು ಅದೊಂದೇ.

ಇನ್ನೊಂದು ಸಲಹೆಯೂ ಬಂದಿತ್ತು. ತರಬೇತಿ ಕೊಡುವವರೊಬ್ಬರು, ಚುಕ್ಕಿಯನ್ನು ಮಗ್ಗುಲಿಗೆ ಕೆಡವಿ ಅದುಮಿ ಹಿಡಿಯಿರಿ, ಗೌರಿಯೇ ಯಜಮಾನಿ ಎಂದು ಅವಳಿಗೆ ಗೊತ್ತಾಗಲಿ ಎಂದಿದ್ದರು. ಈ ಯಜಮಾನಿಕೆಯ ಕಲ್ಪನೆಯ ಬೇರು ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ಪ್ರಾಣಿಶಾಸ್ತ್ರಜ್ಞ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದ ಪ್ರಬಂಧದಲ್ಲಿದೆ. ಕಾಡಿನ ತೋಳದ ಹಿಂಡು ಬಹುಮಟ್ಟಿಗೆ ಅಪ್ಪ, ಅಮ್ಮ, ಮಕ್ಕಳ ಸಂಸಾರ ಎಂದು ತೋಳಗಳ ತಜ್ಞ ಡೇವಿಡ್ ಮೆಕ್ 1999ರಲ್ಲೇ ತಿದ್ದಿ ಬರೆದರು. ತಿದ್ದುಪಡಿ ನಮ್ಮ ಊರುಗಳಿಗೆ ಇನ್ನೂ ಬರುತ್ತಲೇ ಇದೆ. ಅದುಮಿ ಹಿಡಿದ ನಾಯಿ ಕಲಿಯುವುದು, ಗೌರಿ ಹತ್ತಿರ ಬಂದರೆ ನನಗೆ ಹಿಂಸೆಯಾಗುತ್ತದೆ ಎಂಬ ಒಂದೇ ಪಾಠವನ್ನು.

ಮೊದಲು ಮೈ ನೋಡಿಸಿದ್ದು

ಸ್ವಭಾವದ ಮಾತು ಎತ್ತುವ ಮೊದಲು ಎರಡನ್ನೂ ಪಶುವೈದ್ಯರಿಗೆ ತೋರಿಸಲಾಯಿತು. ಗೌರಿಯ ಎಡಗಿವಿಯಲ್ಲಿ ಹಳೆಯ ಸೋಂಕು: ಕಂದು ಗುಗ್ಗೆ, ವಾಸನೆ, ಮುಟ್ಟಿದರೆ ತಲೆ ಎಳೆದುಕೊಳ್ಳುವುದು. ಎಕ್ಸ್‌ರೇಯಲ್ಲಿ ಸೊಂಟದ ಕೀಲು ಸವೆದದ್ದು ಕಂಡಿತು. ಕುಂಟುತ್ತಿರಲಿಲ್ಲವಲ್ಲ ಎಂದರು ಮನೆಯವರು. ಎರಡೂ ಹಿಂಗಾಲಿನಲ್ಲಿ ನೋವಿದ್ದರೆ ನಾಯಿ ಎದ್ದು ಕಾಣುವಂತೆ ಕುಂಟದಿರಬಹುದು. ಮೆಟ್ಟಿಲ ಬಳಿ ಒಂದು ಕ್ಷಣ ನಿಲ್ಲುತ್ತದೆ, ಏಳುವಾಗ ಮುಂಗಾಲಿನ ಮೇಲೆ ಭಾರ ಹಾಕುತ್ತದೆ, ಹಾರುವುದನ್ನು ಬಿಡುತ್ತದೆ. ಮೂರೂ ಗೌರಿಯಲ್ಲಿದ್ದವು. ಮಲಗಿದವಳ ಮೇಲೆ 21 ಕಿಲೋ ಬಿದ್ದರೆ ಏನಾಗಬೇಕೋ ಅದೇ ಆಗಿತ್ತು.

ನಮ್ಮ ಕಡೆ ಉಣ್ಣೆಹುಳುವಿನಿಂದ ಬರುವ ಜ್ವರವೂ ನಾಯಿಯನ್ನು ಸಿಡುಕಾಗಿಸುತ್ತದೆ. ರಕ್ತಪರೀಕ್ಷೆಯಲ್ಲಿ ಅದು ಇರಲಿಲ್ಲ. ಮೂತ್ರಪಿಂಡ, ಯಕೃತ್ತು ಸರಿಯಿದೆ ಎಂದು ಖಚಿತವಾದ ಮೇಲೆ ನಾಯಿಗೆಂದೇ ಇರುವ ನೋವಿನ ಔಷಧ ಶುರುವಾಯಿತು. ಮನೆಯಲ್ಲಿರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಯನ್ನು ಅರ್ಧ ಮುರಿದು ಕೊಡುವುದು ಕೆಲವರ ರೂಢಿ. ಅದರಿಂದ ನಾಯಿಗೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವವಾಗಬಹುದು, ಮೂತ್ರಪಿಂಡ ಕೈಕೊಡಬಹುದು.

ಚುಕ್ಕಿಯ ಮೊಲೆಗಳು ಊದಿದ್ದವು, ಹಿಂಡಿದರೆ ಹಾಲು ಬರುತ್ತಿತ್ತು. ಹುಸಿ ಗರ್ಭ. ಬೆದೆ ಮುಗಿದು ಆರರಿಂದ ಹನ್ನೆರಡು ವಾರದ ಹೊತ್ತಿಗೆ, ಗಂಡು ಕೂಡದಿದ್ದರೂ, ಮೈ ಬಾಣಂತಿಯಂತೆ ವರ್ತಿಸುತ್ತದೆ. ಹಳೆಯ ಕಾಲುಚೀಲಗಳನ್ನು ದಿವಾನದ ಮೂಲೆಗೆ ಒಯ್ದು ಗುಡ್ಡೆ ಹಾಕಿ ಕಾಯುತ್ತಿದ್ದುದು ಅದೇ ಕಾರಣಕ್ಕೆ. ಕೂಡಲೇ ಆಪರೇಷನ್ ಮಾಡಿಸಿ ಎಂದು ಕುಟುಂಬ ಕೇಳಿತು. ವೈದ್ಯರು ಒಪ್ಪಲಿಲ್ಲ, ಸರಿಯಾದ ಕಾರಣಕ್ಕೆ: ಹುಸಿ ಗರ್ಭದ ನಡುವೆ ಅಂಡಾಶಯ ತೆಗೆದರೆ ಹಾಲಿನ ಹಾರ್ಮೋನು ಇಳಿಯದೆ ಅದೇ ಸ್ಥಿತಿ ಎಳೆದಾಡಬಹುದು. ಕಾಲುಚೀಲಗಳನ್ನು ತೆಗೆದರು, ಮೊಲೆ ಮುಟ್ಟುವುದನ್ನು ನಿಲ್ಲಿಸಿದರು, ಹಾಲು ಪೂರ್ತಿ ಬತ್ತಿದ ಮೇಲೆ ಸೆಪ್ಟೆಂಬರ್ ಕೊನೆಗೆ ಆಪರೇಷನ್ ಆಯಿತು. ಗರ್ಭಕೋಶ ತೆಗೆಸಿದರೆ ಹೆಣ್ಣುನಾಯಿಗಳ ಜಗಳ ತಾನಾಗಿ ನಿಲ್ಲುತ್ತದೆ ಎಂದು ಮಾತ್ರ ಯಾರೂ ನಂಬಬಾರದು. ಇಲ್ಲಿ ಅದು ಒಂದು ಕಾರಣವನ್ನು ಕಳೆಯಿತು, ಅಷ್ಟೆ.

ಎರಡು ಬಾಗಿಲಿನ ನಿಯಮ

ಮೂರನೇ ಜಗಳದ ದಿನದಿಂದಲೇ ನಾಯಿಗಳನ್ನು ಪೂರ್ತಿ ಬೇರೆ ಮಾಡಲಾಯಿತು. ಹೊಲಿಗೆ ಮಾಯುವವರೆಗೆ ಒಂದಕ್ಕೊಂದು ಕಾಣಲೇಬಾರದು. ನಡುವೆ ಸದಾ ಎರಡು ತಡೆ ಇರಬೇಕು, ಏಕೆಂದರೆ ಒಂದನ್ನು ಯಾರಾದರೂ ಮರೆತೇ ಮರೆಯುತ್ತಾರೆ. ಹಿಂದಿನ ಕೋಣೆಗೆ ಮರದ ಬಾಗಿಲಿತ್ತು. ಕೋಣೆಗೂ ಹಾಲ್‌ಗೂ ನಡುವಿನ ಓಣಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಗೇಟು ಮಾಡಿಸಿದರು. ಅಂಗಡಿಯಲ್ಲಿ ಸಿಗುವ ಮಕ್ಕಳ ಗೇಟು ಎರಡೂವರೆ ಅಡಿ. ಮುಧೋಳಕ್ಕೆ ಅದು ಲೆಕ್ಕಕ್ಕೇ ಇಲ್ಲ. ಇದು ಐದೂವರೆ ಅಡಿ, ಸರಳುಗಳ ನಡುವೆ ಎರಡು ಇಂಚು, ಕೆಳಗಿನ ಮೂರು ಅಡಿಗೆ ಪ್ಲೈವುಡ್ ಹಲಗೆ. ಹಲಗೆ ಯಾಕೆಂದರೆ ಸರಳಿನ ಮೂಲಕ ದಿನವಿಡೀ ದಿಟ್ಟಿಸಿ ನೋಡುವುದೂ ಜಗಳವೇ. ಮುಧೋಳ ಕಣ್ಣಿನಿಂದ ಬೇಟೆಯಾಡುವ ತಳಿ. ಕಾಣುವುದನ್ನು ಮುಚ್ಚಿದರೆ ಅರ್ಧ ಕೆಲಸ ಆದಂತೆ. ಚಿಲಕ ಹೊರಗಡೆ, ಮೇಲ್ಗಡೆ. ಮೂತಿಯಿಂದ ತಳ್ಳಿದರೆ ತೆರೆಯುವ ಕೊಂಡಿ ಬೇಡ.

ದಿನದ ಪಾಳಿ ಹೀಗಿತ್ತು: ಬೆಳಗ್ಗೆ ಹತ್ತರವರೆಗೆ ಚುಕ್ಕಿ ಹಾಲ್‌ನಲ್ಲಿ, ಗೌರಿ ಕೋಣೆಯಲ್ಲಿ, ಹತ್ತರಿಂದ ನಾಲ್ಕು ತಿರುವುಮುರುವು, ಸಂಜೆ ಮತ್ತೆ ಬದಲು, ರಾತ್ರಿ ಬೇರೆ ಬೇರೆ. ಯಾವ ನಾಯಿ ಒಳಗಿದೆಯೋ ಆ ಬಾಗಿಲ ಹಿಡಿಗೆ ಕೆಂಪು ಬಟ್ಟೆ. ಮನೆಗೆಲಸಕ್ಕೆ ಬರುವವರಿಗೂ, ಮಗನ ಗೆಳೆಯರಿಗೂ ಒಂದೇ ಮಾತು: ಕೆಂಪು ಬಟ್ಟೆ ಕಂಡರೆ ಕೈ ಹಾಕಬೇಡಿ. ಈ ಬಟ್ಟೆ ಮಾಡಿದಷ್ಟು ಕೆಲಸ ಬೇರೆ ಯಾವ ಸಾಮಾನೂ ಮಾಡಲಿಲ್ಲ.

ಊಟ ಬಾಗಿಲು ಮುಚ್ಚಿ, ಹದಿನೈದು ನಿಮಿಷ. ಮುಗಿದ ತಕ್ಷಣ ತಟ್ಟೆ ಎತ್ತಿ ತೊಳೆಯುವುದು, ಮುದ್ದೆಯ ಚೂರು ನೆಲದಲ್ಲಿ ಉಳಿಯದಂತೆ ಒರೆಸುವುದು. ಭಾನುವಾರದ ಬೇಯಿಸಿದ ಮೂಳೆ ನಿಂತಿತು. ಚೂರಾಗಿ ಕರುಳಿಗೆ ಚುಚ್ಚುವುದರಿಂದ ಜಗಳವಿಲ್ಲದ ಮನೆಯಲ್ಲೂ ಅದು ಬೇಡ. ಆಟದ ಚೆಂಡುಗಳು ಬೀರುವಿಗೆ ಹೋದವು.

ಎಲ್ಲಕ್ಕಿಂತ ಕಷ್ಟವಾದದ್ದು ಅಜ್ಜಿಯ ಕೈ. ತಿನ್ನುವಾಗ ನಾಯಿಗೊಂದು ತುಣುಕು ಎಸೆಯುವುದು ಅವರ ಎಷ್ಟೋ ವರ್ಷಗಳ ಅಭ್ಯಾಸ. ಬೇಡ ಎಂದರೆ ಕದ್ದು ಎಸೆಯುತ್ತಾರೆ. ನಿಷೇಧ ಕೈಬಿಟ್ಟು ಅವರಿಗೊಂದು ಡಬ್ಬಿ ಕೊಡಲಾಯಿತು, ಒಳಗೆ ಬೇಯಿಸಿದ ಕೋಳಿಯ ಕಡಲೆಕಾಳಿನಷ್ಟು ಚೂರುಗಳು, ಉಪ್ಪು ಈರುಳ್ಳಿ ಇಲ್ಲದ್ದು. ಪಾಳಿಯಲ್ಲಿ ಹಾಲ್‌ನಲ್ಲಿರುವ ನಾಯಿ ತನ್ನ ಚಾಪೆಯ ಮೇಲೆ ಮಲಗಿದ್ದರೆ ಮಾತ್ರ ಚಾಪೆಯ ಮೇಲೆ ಒಂದು ಚೂರು. ಎರಡು ವಾರದಲ್ಲಿ ಚಾಪೆಯ ಅತ್ಯುತ್ತಮ ಶಿಕ್ಷಕಿ ಅಜ್ಜಿಯೇ ಆದರು.

ಮನೆ ಮುಂದಿನ ಗೇಟಿನ ಕೆಳಗಿನ ನಾಲ್ಕು ಅಡಿಗೆ ತಗಡು ಹೊಡೆಸಿದರು. ಮುಂದಿನ ಜಾಗಕ್ಕೆ ಒಮ್ಮೆಗೆ ಒಂದೇ ನಾಯಿ. ಹೊರಗಿನ ನಾಯಿಯ ಮೇಲೆ ಬಂದ ಸಿಟ್ಟು ಪಕ್ಕದವಳ ಮೇಲೆ ಹೊರಳುವ ಅಭ್ಯಾಸ ಒಮ್ಮೆ ಕೂತರೆ ಕರೆಗಂಟೆ, ಕೊರಿಯರ್‌ನವರು, ಹಾಲಿನವರು ಎಲ್ಲವೂ ಅದೇ ಕಿಡಿ ಹೊತ್ತಿಸುತ್ತವೆ. ಹಾಗಾಗಿ ಕರೆಗಂಟೆಯನ್ನೂ ಕೆಲವು ತಿಂಗಳು ಕಳಚಿಟ್ಟರು.

ನೋಟ್‌ಬುಕ್ಕು ಮತ್ತು ಮನೆಯ ನಕ್ಷೆ

ಮಗನಿಗೆ ವಹಿಸಿದ ಕೆಲಸ: ಮನೆಯ ನಕ್ಷೆ ಬರೆದು, ಹಿಂದಿನ ಜಗಳ ಮತ್ತು ಗುರುಗುಟ್ಟಿದ ಪ್ರಸಂಗಗಳನ್ನು ನೆನಪಿನಿಂದ ಗುರುತು ಹಾಕುವುದು. ಸಮಯ, ಜಾಗ, ಅಲ್ಲಿದ್ದವರು, ಅದಕ್ಕೆ ಒಂದು ನಿಮಿಷ ಮುಂಚೆ ನಡೆದದ್ದು, ಹೇಗೆ ಮುಗಿಯಿತು. ಗುರುತುಗಳು ಮನೆತುಂಬ ಚೆಲ್ಲಿರಲಿಲ್ಲ, ಮೂರೇ ಕಡೆ ಒತ್ತೊತ್ತಾಗಿ ಕೂತಿದ್ದವು: ಗೇಟು, ಅಡುಗೆಮನೆಯ ಹೊಸ್ತಿಲು, ದಿವಾನ ಮತ್ತು ಟಿವಿ ಮೇಜಿನ ನಡುವಿನ ಎರಡಡಿ ಸಂದು. ಅಸೂಯೆ, ಹಗೆ ಎಂದೆಲ್ಲ ಅನ್ನುತ್ತಿದ್ದ ಮನೆಯವರಿಗೆ ಕಣ್ಣು ತೆರೆದದ್ದು ಈ ಕಾಗದವೇ. ಟಿವಿ ಮೇಜು ಬೇರೆ ಗೋಡೆಗೆ ಹೋಯಿತು, ಸಂದು ಐದಡಿಯಾಯಿತು. ಸವೆದ ಕೀಲಿನ ನಾಯಿಗೆ ಸರಿದುಕೊಳ್ಳಲು ಜಾಗವಿದ್ದರೆ ಕಚ್ಚುವ ಅಗತ್ಯ ಕಡಿಮೆ.

ಕಣ್ಣಿಡಬೇಕಾದ ಚಿಹ್ನೆಗಳನ್ನೂ ಎಲ್ಲರಿಗೂ ಕಲಿಸಲಾಯಿತು: ತೆರೆದಿದ್ದ ಬಾಯಿ ತಟ್ಟನೆ ಮುಚ್ಚುವುದು, ಮೈ ಒಂದೆರಡು ಸೆಕೆಂಡು ಮರಗಟ್ಟುವುದು, ಕಣ್ಣು ಕದಲದೆ ನೋಡುವುದು, ಗಲ್ಲವನ್ನು ಇನ್ನೊಬ್ಬಳ ಹೆಗಲ ಮೇಲೆ ಇಡುವುದು. ಬಾಲ ಆಡುತ್ತಿದೆ ಎಂದು ಮೋಸ ಹೋಗಬಾರದು. ಎತ್ತಿ ಹಿಡಿದು ಸಣ್ಣಗೆ, ಬಿರುಸಾಗಿ ಅಲುಗುವ ಬಾಲ ಸಂತೋಷದ್ದಲ್ಲ. ಆ ಹೊತ್ತಿನಲ್ಲಿ ಕೂಗಬಾರದು, ನಡುವೆ ಕೈ ಹಾಕಬಾರದು. ಹಗುರ ದನಿಯಲ್ಲಿ ಒಂದನ್ನು ಹೆಸರು ಹಿಡಿದು ಕರೆದು ಬೇರೆ ಕಡೆ ನಡೆಯಬೇಕು.

ಮತ್ತೆ ಹತ್ತಿರ ತಂದ ಕ್ರಮ

ಮೊದಲು ಬಾಯಿಕುಕ್ಕೆ. ಗಾಡಿ ಎತ್ತಿಗೆ ಹಾಕುವಂಥದೇ ಬುಟ್ಟಿಯಾಕಾರದ್ದು ಬೇಕು. ಬಟ್ಟೆಯ ಪಟ್ಟಿ ಬಾಯನ್ನು ಬಿಗಿದು ಏದುಸಿರು ಬಿಡಲಾಗದೆ ನಾಯಿಗೆ ಬಿಸಿಲ ಹೊಡೆತ ತಾಗಬಹುದು. ಚುಕ್ಕಿಯ ಮೂತಿ ಉದ್ದ, ಸಣ್ಣ. ಲ್ಯಾಬ್ರಡಾರ್ ಅಳತೆಯದು ಜಾರಿ ಹೋಯಿತು, ಗ್ರೇಹೌಂಡ್ ಮಾದರಿಯದನ್ನು ತರಿಸಬೇಕಾಯಿತು. ಮೂಗಿನ ತುದಿಗೂ ಬುಟ್ಟಿಗೂ ಒಂದು ಸೆಂಟಿಮೀಟರ್ ಅಂತರ, ಒಳಗೇ ಬಾಯಿ ಅಗಲಿಸಿ ನೀರು ಕುಡಿಯುವಂತಿರಬೇಕು. ಒಳಗೆ ಗಟ್ಟಿ ಮೊಸರು ಸವರಿ, ಮೂತಿ ತಾನಾಗಿ ತೂರಿಸುವವರೆಗೆ ಪಟ್ಟಿ ಕಟ್ಟಲಿಲ್ಲ. ಎರಡಕ್ಕೂ ಅಭ್ಯಾಸವಾಗಲು ಎರಡು ವಾರ ಹಿಡಿಯಿತು. ಜಗಳವಾಡಿದವಳಿಗೆ ಮಾತ್ರ ಹಾಕುವುದು ತಪ್ಪು. ಇನ್ನೊಬ್ಬಳಿಗೆ ಬಾಯಿ ಬಿಚ್ಚಿರುತ್ತದೆ.

ಹಾಲ್‌ನ ಉದ್ದ ಹದಿನಾಲ್ಕು ಅಡಿ. ಶುರುವಿಗೆ ಅದು ಸಾಲದು, ಆದ್ದರಿಂದ ಹೊರಗಿನ ಮೈದಾನ. ಇಬ್ಬರು ಹಿಡಿಯುವವರು, ಎರಡು ನಾಯಿ, ನಡುವೆ ಮೂವತ್ತು ಅಡಿ, ಒಂದೇ ದಿಕ್ಕಿಗೆ ನಡಿಗೆ. ಎದುರುಬದುರು ತರಲೇಬಾರದು. ಒಂದು ಇನ್ನೊಂದನ್ನು ನೋಡಿ ತಾನಾಗಿ ಮುಖ ತಿರುಗಿಸಿದಾಗ ಕೋಳಿಯ ಚೂರು. ಐದು ಸಲ ಸತತ ಹಾಗಾದರೆ ಮೂರು ಅಡಿ ಹತ್ತಿರ. ಯಾವುದಾದರೂ ದಿಟ್ಟಿಸಿ ನಿಂತರೆ ಆರು ಅಡಿ ಹಿಂದೆ. ದಿನಕ್ಕೆ ಹತ್ತು ಹನ್ನೆರಡು ನಿಮಿಷ ಸಾಕು. ನಸುಕಿನಲ್ಲಿ ಬೀದಿನಾಯಿಗಳ ಓಡಾಟ ಹೆಚ್ಚೆಂದು ಏಳು ಗಂಟೆಯ ನಂತರ ಹೋಗುತ್ತಿದ್ದರು. ಚುಕ್ಕಿಯ ಆಪರೇಷನ್ ಆದಾಗ ಎರಡು ವಾರ ಎಲ್ಲ ನಿಂತಿತು. ಹೊಲಿಗೆಯ ನೋವಿರುವ ನಾಯಿಗೆ ಪಾಠ ಬೇಡ.

ಆಮೇಲೆ ಹಾಲ್. ಎರಡು ಗೋಡೆಗೆ ಎರಡು ಚಾಪೆ, ಗೋಡೆಯ ಕೊಂಡಿಗೆ ಆರು ಅಡಿ ಹಗ್ಗ, ಬಾಯಿಕುಕ್ಕೆ, ಐದು ನಿಮಿಷ. ವಾರಕ್ಕೆ ಒಂದೇ ಬದಲಾವಣೆ: ಮೊದಲು ಸಮಯ ಹೆಚ್ಚಿತು, ಆಮೇಲೆ ದೂರ ಕಡಿಮೆಯಾಯಿತು, ಆಮೇಲೆ ಹಗ್ಗ ಗೋಡೆಯಿಂದ ಬಿಡಿಸಿ ನೆಲದಲ್ಲಿ ಎಳೆದಾಡಲು ಬಿಟ್ಟರು. ಕೊನೆಯದು ಬಾಯಿಕುಕ್ಕೆ ತೆಗೆದದ್ದು. ಒಟ್ಟಿಗೆ ಎರಡು ಬದಲಿಸಿದರೆ, ಕೆಟ್ಟಾಗ ಯಾವುದರಿಂದ ಕೆಟ್ಟಿತೆಂದು ತಿಳಿಯದು.

ಕೆಟ್ಟದ್ದು ದೀಪಾವಳಿಯಲ್ಲಿ. ಪಟಾಕಿಗೆ ಗೌರಿ ಬೆಳಗ್ಗೆಯಿಂದ ನಡುಗುತ್ತಿದ್ದಳು, ಮನೆತುಂಬ ನೆಂಟರು, ಕಜ್ಜಾಯದ ತಟ್ಟೆಗಳು ಕೈಗೆಟುಕುವಂತೆ. ಯಾರೋ ಕೆಂಪು ಬಟ್ಟೆಯ ಬಾಗಿಲು ತೆರೆದರು. ಓಣಿಯ ಗೇಟಿಗೆ ಆ ಹೊತ್ತು ಚಿಲಕ ಹಾಕಿರಲಿಲ್ಲ. ನಾಲ್ಕು ಸೆಕೆಂಡಿನ ಜಗಳ, ಗಾಯವಿಲ್ಲ. ಒಂದೊಂದೇ ಬಂದಿದ್ದರೆ ಗೌರಿ ತಡೆದುಕೊಳ್ಳುತ್ತಿದ್ದ ವಿಷಯಗಳು ಒಂದೇ ದಿನ ಒಂದರ ಮೇಲೊಂದು ಪೇರಿಸಿದ್ದವು. ಮೂರು ದಿನ ಪೂರ್ತಿ ಬೇರೆ, ಆಮೇಲೆ ಎರಡು ವಾರ ಹಿಂದಿನ ಹಂತದಿಂದ ಮತ್ತೆ ಶುರು. ಪಟಾಕಿ ಭಯಕ್ಕೆ ವೈದ್ಯರ ಜೊತೆ ಮೊದಲೇ ಮಾತಾಡಿ ಔಷಧ ಇಟ್ಟುಕೊಳ್ಳಬೇಕಿತ್ತು. ಮುಂದಿನ ಹಬ್ಬಕ್ಕೆ ಅದು ಪಟ್ಟಿಯಲ್ಲಿದೆ. ದಿನನಿತ್ಯದ ಆತಂಕಕ್ಕೆ ಕೊಡುವ ಫ್ಲುವಾಕ್ಸೆಟೀನ್‌ನಂಥ ಮಾತ್ರೆಯೂ ಉಂಟು, ಕೆಲಸ ಶುರು ಮಾಡಲು ನಾಲ್ಕರಿಂದ ಆರು ವಾರ ತೆಗೆದುಕೊಳ್ಳುತ್ತದೆ. ನೋವು ಇಳಿದ ಮೇಲೆ ಗೌರಿಗೆ ಅದರ ಅಗತ್ಯ ಬೀಳಲಿಲ್ಲ.

ಹತ್ತಿಕೊಂಡರೆ ಬಿಡಿಸುವುದು

ಕೊರಳಪಟ್ಟಿಗೆ ಕೈ ಹಾಕಬಾರದು. ಮನುಷ್ಯರಿಗೆ ಕಚ್ಚು ಬೀಳುವುದು ಹೆಚ್ಚಾಗಿ ಆಗಲೇ. ಹೊಡೆದರೆ ಹಿಡಿತ ಇನ್ನೂ ಬಿಗಿಯುತ್ತದೆ. ಮೊದಲ ಒಂದೆರಡು ಸೆಕೆಂಡಿಗೆ ಕುಕ್ಕರ್ ಮುಚ್ಚಳಕ್ಕೆ ಸೌಟಿನ ಏಟು ಅಥವಾ ಒಂದು ಬಕೆಟ್ ನೀರು ಕೆಲಸ ಮಾಡಬಹುದು. ಆಗದಿದ್ದರೆ ಹಲಗೆ: ಮೂರು ಅಡಿ ಎತ್ತರ, ಎರಡೂವರೆ ಅಡಿ ಅಗಲದ ಪ್ಲೈವುಡ್, ಮೇಲಂಚಿನಲ್ಲಿ ಕೈ ತೂರುವ ಕಂಡಿ. ಹಾಲ್‌ನಲ್ಲೊಂದು, ಗೇಟಿನ ಬಳಿಯೊಂದು. ಬಾಯಿ ಬಿಟ್ಟ ಕ್ಷಣದಲ್ಲಿ ನಡುವೆ ಇಳಿಸಬೇಕು.

ಇಬ್ಬರಿದ್ದರೆ ಒಬ್ಬೊಬ್ಬರು ಒಂದೊಂದು ನಾಯಿಯ ಹಿಂದೊಡೆಗಳನ್ನು ಸೊಂಟದ ಹತ್ತಿರ ಹಿಡಿದೆತ್ತಿ, ಅರೆವೃತ್ತದಲ್ಲಿ ಹಿಂದಕ್ಕೆ ಸರಿಯುವುದು ರೂಢಿಯ ಕ್ರಮ. ಗೌರಿಯ ಸೊಂಟಕ್ಕೆ ಅದು ಸಲ್ಲದು. ಅವಳಿಗೆ ಹೊಟ್ಟೆಯ ಹಿಂಭಾಗಕ್ಕೆ ಹಗ್ಗ ಬಳಸಿ ಎಳೆಯುವುದೆಂದು ನಿಗದಿಯಾಯಿತು. ಹಲ್ಲು ಕಚ್ಚಿ ಹಿಡಿದಿರುವಾಗ ಮಾತ್ರ ಎಳೆಯಲೇಬಾರದು. ಮುಧೋಳದ ಚರ್ಮ ತೆಳು, ಅಡಿಯಲ್ಲಿ ಕೊಬ್ಬಿಲ್ಲ. ಎಳೆತಕ್ಕೆ ಬಟ್ಟೆಯಂತೆ ಹರಿಯುತ್ತದೆ. ಬಿಡಿಸಿದ ಮೇಲೆ ಕೈ ಸಡಿಲಿಸದೆ ಮೊದಲು ಬಾಗಿಲಾಚೆ ಸೇರಿಸಬೇಕು. ಅಜ್ಜಿ ಮತ್ತು ಮಗನ ಕೆಲಸ ಒಂದೇ: ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು.

ಕೋರೆಹಲ್ಲಿನ ತೂತು ಹೊರಗೆ ಸಾಸಿವೆಯಷ್ಟಿದ್ದರೂ ಒಳಗೆ ಮಾಂಸ ಬಿಡಿಸಿಕೊಂಡಿರಬಹುದು. ಎರಡು ಮೂರು ದಿನಕ್ಕೆ ಕೀವು ಕಟ್ಟುತ್ತದೆ. ಉಪ್ಪುನೀರಿನಲ್ಲಿ ತೊಳೆದು ಅದೇ ದಿನ ವೈದ್ಯರಿಗೆ ತೋರಿಸಬೇಕು. ಅರಿಸಿನ ತುಂಬಿ ಮುಚ್ಚಬಾರದು. ಮನುಷ್ಯರಿಗೆ ಕಚ್ಚಿದ್ದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು, ನಾಯಿ ಮನೆಯದೇ ಆದರೂ, ಲಸಿಕೆ ಹಾಕಿಸಿದ್ದರೂ. ಚರ್ಮದೊಳಗೆ ಕೊಡುವ ರೇಬೀಸ್ ಲಸಿಕೆ 0, 3, 7, 28ನೇ ದಿನ. ಸ್ನಾಯುವಿಗಾದರೆ 0, 3, 7, 14, 28. ರಕ್ತ ಬಂದ ಗಾಯಕ್ಕೆ ಇಮ್ಯುನೋಗ್ಲಾಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯ) ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಅಂಗೈ, ಬೆರಳಿನ ಕಚ್ಚು ಬೇಗ ಸೋಂಕಾಗುತ್ತದೆ. ಈ ಮನೆಯೊಡೆಯರಿಗೆ ಆ್ಯಂಟಿಬಯಾಟಿಕ್ ಬೇಕಾಯಿತು.

ಆರು ತಿಂಗಳ ನಂತರ

ಫೆಬ್ರವರಿಯ ಹೊತ್ತಿಗೆ ಎರಡೂ ನಾಯಿಗಳು ಬೆಳಗ್ಗೆ ಒಂದು ಗಂಟೆ, ಸಂಜೆ ಎರಡು ಗಂಟೆ ಹಾಲ್‌ನಲ್ಲಿ ಒಟ್ಟಿಗಿರುತ್ತವೆ, ದೊಡ್ಡವರೊಬ್ಬರು ಅಲ್ಲೇ ಕೂತಿದ್ದರೆ. ಒಂದು ಈ ಗೋಡೆಗೆ, ಇನ್ನೊಂದು ಆ ಗೋಡೆಗೆ. ಮತ್ತೆ ಒಂದೇ ಗೋಣಿತಾಟಿನ ಮೇಲೆ ಮಲಗಲಿ ಎಂದು ಮಗ ಆಸೆಪಡುತ್ತಾನೆ. ಆ ಗುರಿ ಇಟ್ಟುಕೊಂಡೇ ಇರಲಿಲ್ಲ. ಒಬ್ಬಳು ಎದ್ದು ಹೋದರೆ ಇನ್ನೊಬ್ಬಳು ತಲೆ ಎತ್ತದೆ ಮಲಗಿರುವುದೇ ಇಲ್ಲಿಯ ಯಶಸ್ಸು. ಊಟ, ರಾತ್ರಿ, ಗೇಟು ಮತ್ತು ಮನೆಯಲ್ಲಿ ಯಾರೂ ಇಲ್ಲದ ಹೊತ್ತು ಕಾಯಂ ಆಗಿ ಬೇರೆ ಬೇರೆ.

ಇಷ್ಟಾದರೂ ಸಾಧ್ಯವಾದದ್ದಕ್ಕೆ ಅನುಕೂಲಗಳಿದ್ದವು. ತೂಕ ಹೆಚ್ಚು ಕಡಿಮೆ ಸಮ, ಕಿಡಿ ಹೊತ್ತುವ ಜಾಗ ಗೊತ್ತು, ನೋವಿಗೆ ಔಷಧವಿತ್ತು, ಗುರುಗುಟ್ಟಿದಾಗ ಹೊಡೆಯುವುದನ್ನು ಬಿಟ್ಟ ಮೇಲೆ ಗೌರಿಯ ದನಿ ಮರಳಿತು. ಒಂದು 5 ಕಿಲೋ, ಇನ್ನೊಂದು 30 ಕಿಲೋ ಆಗಿದ್ದರೆ, ಕಾರಣವೇ ಕಾಣದೆ ಕಚ್ಚುತ್ತಿದ್ದರೆ, ತೆವಳುವ ಮಗು ಮನೆಯಲ್ಲಿದ್ದರೆ ಸಲಹೆ ಬೇರೆಯೇ ಇರುತ್ತಿತ್ತು: ಒಂದಕ್ಕೆ ಒಂಟಿ ನಾಯಿಯಾಗಿ ಬಾಳುವ ಒಳ್ಳೆಯ ಮನೆ ಹುಡುಕುವುದು, ಕಚ್ಚಿದ ಚರಿತ್ರೆಯನ್ನು ಮುಚ್ಚಿಡದೆ ಹೇಳಿ. ಅದರಲ್ಲಿ ನಾಚಿಕೆಯಿಲ್ಲ. ರಿಂಗ್ ರೋಡಿನಾಚೆ ಇಳಿಸಿ ಬರುವುದರಲ್ಲಿದೆ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ ಕೂಡ.

ಸದ್ಯ ಬಾಕಿ ಇರುವುದು ಎರಡು. ಗೌರಿಗೆ ಆರು ತಿಂಗಳಿಗೊಮ್ಮೆ ಮೂತ್ರಪಿಂಡದ ರಕ್ತಪರೀಕ್ಷೆ. ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಗೌರಿ ಜೊತೆಗೆ ಕಾರಿನಲ್ಲಿ ಹೋಗುವುದು, ಚುಕ್ಕಿ ಬೋರ್ಡಿಂಗ್‌ನಲ್ಲಿ ಉಳಿಯುವುದು ಎಂದು ತೀರ್ಮಾನವಾಗಿದೆ. ಬಂದ ಮೇಲೆ ಮೊದಲ ಭೇಟಿ ಮನೆಯೊಳಗೆ ಬೇಡ, ಮೈದಾನದಲ್ಲಿ, ಮೂವತ್ತು ಅಡಿಯಿಂದ.